ಪೈಪಿನ ಲೆಕ್ಕಕ್ಕೆ ಒಳವ್ಯಾಸವೇ ಆಧಾರವಾಗಲಿ

ಮಾನ್ಯ ಸಂಪಾದಕರೇ,

ಪಂಪು ಮತ್ತು ಪ್ಲಾಸ್ಟಿಕ್ ಪೈಪುಗಳ ಆಯ್ಕೆ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವು ಘರ್ಷಣೆಯಿಂದಾಗುವ ನಷ್ಟವನ್ನು, ಅಂದರೆ ಪೈಪಿನ ಗೋಡೆಗೆ ಉಜ್ಜಿ ಹರಿಯುವಾಗ ನೀರು ಕಳೆದುಕೊಳ್ಳುವ ಒತ್ತಡವನ್ನು, ಹೇಜನ್–ವಿಲಿಯಮ್ಸ್ ಸೂತ್ರದಿಂದ ಅಂದಾಜಿಸುವ ಬಗೆಯನ್ನು ಚೆನ್ನಾಗಿ ವಿವರಿಸಿದೆ. ಆದರೆ ಉದಾಹರಣೆಯಲ್ಲಿ 32 ಮಿ.ಮೀ. ಪೈಪಿನ ವ್ಯಾಸವನ್ನು 32 ಎಂದೇ ಸೂತ್ರಕ್ಕೆ ಹಾಕಲಾಗಿದ್ದು, ಅದನ್ನು ನಂಬಿ ಪಂಪು ಕೊಳ್ಳುವವರಿಗೆ ನೀರು ಸಾಲದೆ ಹೋದೀತೆಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೆಟ್ರಿಕ್ ಅಳತೆಯ ಪಿವಿಸಿ ಮತ್ತು ಎಚ್‌ಡಿಪಿಇ ಪೈಪುಗಳ ಮೇಲೆ ಅಚ್ಚಾಗಿರುವುದು ಹೊರವ್ಯಾಸ. ಗೋಡೆ 2 ಮಿ.ಮೀ. ದಪ್ಪವಿದ್ದರೆ ನೀರಿಗೆ ಸಿಗುವುದು 28 ಮಿ.ಮೀ. ಮಾತ್ರ. ವ್ಯತ್ಯಾಸ ಅಲ್ಪವೆಂದು ಕಂಡರೂ, ನಷ್ಟವು ವ್ಯಾಸದ 4.87ನೇ ಘಾತಕ್ಕೆ ವಿಲೋಮವಾಗಿರುವುದರಿಂದ ಪರಿಣಾಮ ದೊಡ್ಡದು. ಸೆಕೆಂಡಿಗೆ 1 ಲೀಟರ್ ನೀರನ್ನು 100 ಮೀಟರ್ ಸಾಗಿಸುವಾಗ, ಪೈಪಿನ ಒಳಮೈ ಎಷ್ಟು ನುಣುಪೆಂದು ಸೂಚಿಸುವ ಸಿ ಗುಣಾಂಕವನ್ನು 150 ಎಂದು ಹಿಡಿದರೆ, 32 ಮಿ.ಮೀ. ವ್ಯಾಸಕ್ಕೆ ಸುಮಾರು 5.3 ಮೀಟರ್ ಹೆಡ್ (ನೀರಿನ ಎತ್ತರದಲ್ಲಿ ಅಳೆದ ಒತ್ತಡ) ನಷ್ಟವೆಂದು ಉತ್ತರ ಬರುತ್ತದೆ. 28 ಎಂದು ಹಾಕಿದರೆ ಅದು 10 ಮೀಟರ್ ದಾಟುತ್ತದೆ. ಈ ಗುಣಾಂಕ 150 ಇರಬೇಕೋ 140 ಇರಬೇಕೋ ಎಂದು ನಾವು ಬಹಳ ಚರ್ಚಿಸುತ್ತೇವೆ, ಆದರೆ ಆ ಬದಲಾವಣೆಯಿಂದ ನಷ್ಟ ಹೆಚ್ಚುವುದು ಶೇ 14ರಷ್ಟು ಮಾತ್ರ.

ಹೊರವ್ಯಾಸ ಒಂದೇ ಇದ್ದರೂ ಹೆಚ್ಚು ಒತ್ತಡ ತಾಳುವ ದರ್ಜೆಯ ಪೈಪಿನ ಗೋಡೆ ದಪ್ಪವಾಗಿದ್ದು, ಒಳದಾರಿ ಇನ್ನೂ ಕಿರಿದಾಗುತ್ತದೆ. ನಾನು ಹಾಕಿಸಿದ್ದ ಪೈಪ್‌ಲೈನಿನಲ್ಲಿ ನೀರು ಸಾಲದೆ ಬಂದಾಗ ಕಾರಣ ತಿಳಿದದ್ದು ಉಳಿದಿದ್ದ ತುಂಡೊಂದನ್ನು ಗರಗಸದಿಂದ ಕತ್ತರಿಸಿ, ಅಂಚಿನ ಸಿಬರು ಕೆರೆದು, ವರ್ನಿಯರ್ ಕ್ಯಾಲಿಪರ್‌ನ ಒಳದವಡೆಗಳನ್ನು ಇಟ್ಟು ನೋಡಿದ ಮೇಲೆಯೇ. ಅದಕ್ಕೂ ಮೊದಲು ವಾಲ್ವ್ ಮುಚ್ಚಿ ಒತ್ತಡಮಾಪಕ ನೋಡಿ, ಎಲ್ಲ ಸರಿಯಿದೆಯೆಂದು ಭಾವಿಸಿದ್ದೆ. ನೀರು ಹರಿಯದೆ ನಿಂತಿರುವಾಗ ಘರ್ಷಣೆಯ ನಷ್ಟವೇ ಇರುವುದಿಲ್ಲವಾದ್ದರಿಂದ ಆ ಅಳತೆ ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ವಾಲ್ವ್ ತೆರೆದು, ನೀರು ಹರಿಯುತ್ತಿರುವಾಗಲೇ ನೋಡಬೇಕು.

ಎಲ್ಬೋ, ವಾಲ್ವ್‌ಗಳ ನಷ್ಟ ಉದ್ದನೆಯ ಲೈನಿನಲ್ಲಿ ಸಾಮಾನ್ಯವಾಗಿ ಚಿಕ್ಕದು. ಪೈಪಿನೊಳಗೆ ತೂರಿಸುವ ಜೋಡಣೆಗಳು ಮಾತ್ರ ದಾರಿಯನ್ನು ಮತ್ತಷ್ಟು ಕಿರಿದಾಗಿಸುವುದರಿಂದ, ಅವು ಹಲವಿದ್ದರೆ ಪ್ರತ್ಯೇಕವಾಗಿ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಇದೇ ಹರಿವಿಗೆ 36 ಮಿ.ಮೀ. ಒಳವ್ಯಾಸದ, ಅಂದರೆ ಮುಂದಿನ ಒಂದು ಗಾತ್ರದಷ್ಟು ಮಾತ್ರ ದೊಡ್ಡದಾದ ಪೈಪು ಹಾಕಿದರೆ ನಷ್ಟ ಸುಮಾರು 3 ಮೀಟರಿಗೆ ಇಳಿಯುತ್ತದೆ. ಹೆಚ್ಚು ಶಕ್ತಿಯ ಪಂಪನ್ನು ವರ್ಷಗಟ್ಟಲೆ ಓಡಿಸುವುದಕ್ಕಿಂತ ಇದೇ ಲೇಸೆಂಬುದು ನನ್ನ ಅಭಿಪ್ರಾಯ. ಲೇಖನದ ಉದಾಹರಣೆಯನ್ನು ಒಳವ್ಯಾಸದ ಆಧಾರದ ಮೇಲೆ ತಿದ್ದಿ ಮತ್ತೊಮ್ಮೆ ಪ್ರಕಟಿಸಬೇಕೆಂದೂ, ಮುಂದೆ ಇಂಥ ಕೋಷ್ಟಕಗಳಲ್ಲಿ ಗೋಡೆಯ ದಪ್ಪಕ್ಕೆ ಒಂದು ಅಂಕಣ ಸೇರಿಸಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ