ಮಗಳಿಗೊಂದು ಪತ್ರ: ನಡುವಿನ ಪುಟಗಳನ್ನು ಹಾರಿಸಬೇಡ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆಗಾರ ಯಾರೆಂಬುದೊಂದೇ ನನಗೆ ಮುಖ್ಯ, ನಡುವಿನ ಪುಟಗಳನ್ನು ಹಾರಿಸಿ ಕೊನೆಗೆ ಹೋಗಿಬಿಡುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೆಂದೇ ‘ದ ಲಾಫಿಂಗ್ ಪೊಲೀಸ್‌ಮನ್’ ಕಾದಂಬರಿಯನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಇದರ ಜೀವ ಇರುವುದೇ ನಡುವಿನ ಪುಟಗಳಲ್ಲಿ.

ಬರೆದವರು ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೆರ್ ವಾಲೋ. ಬಾಳಿನಲ್ಲಿಯೂ ಬರವಣಿಗೆಯಲ್ಲಿಯೂ ಜೊತೆಯಾಗಿದ್ದ ಇವರು, ರಾತ್ರಿ ಮಕ್ಕಳು ಮಲಗಿದ ಮೇಲೆ ಕುಳಿತು, ಒಬ್ಬರು ಒಂದು ಅಧ್ಯಾಯವನ್ನು ಬರೆದರೆ ಮತ್ತೊಬ್ಬರು ಮುಂದಿನದನ್ನು ಬರೆಯುತ್ತ, 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯ ಸುತ್ತ ಹತ್ತು ಕಾದಂಬರಿಗಳನ್ನು ರಚಿಸಿದರು. 1968ರಲ್ಲಿ ಬಂದ ಇದು ನಾಲ್ಕನೆಯದು. ಇದರ ಇಂಗ್ಲಿಷ್ ಅನುವಾದಕ್ಕೆ 1971ರಲ್ಲಿ, ಪತ್ತೇದಾರಿ ಸಾಹಿತ್ಯಕ್ಕೆಂದು ಕೊಡುವ ಅಮೆರಿಕದ ಎಡ್ಗರ್ ಪ್ರಶಸ್ತಿ ದೊರೆಯಿತು.

1967ರ ನವೆಂಬರ್ 13ರ ರಾತ್ರಿ, ಸ್ಟಾಕ್‌ಹೋಮಿನಲ್ಲಿ ಮಳೆ ಸುರಿಯುತ್ತಿದೆ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಬಂದ ಜನರನ್ನು ತಡೆಯಲು ನಗರದ ಪೊಲೀಸರೆಲ್ಲ ಅಮೆರಿಕದ ರಾಯಭಾರ ಕಚೇರಿಯ ಮುಂದೆ ಜಮಾಯಿಸಿರುವ ಹೊತ್ತಿಗೆ, ಊರಿನ ಇನ್ನೊಂದು ತುದಿಯಲ್ಲಿ ಕೆಂಪು ಡಬಲ್ ಡೆಕ್ಕರ್ ಬಸ್ಸೊಂದರೊಳಗೆ ಚಾಲಕನೂ ಸೇರಿದಂತೆ ಒಂಬತ್ತು ಮಂದಿ ಗುಂಡೇಟಿಗೆ ಈಡಾಗಿರುತ್ತಾರೆ. ಮೊದಲು ಅಲ್ಲಿಗೆ ಬಂದ ಇಬ್ಬರು ಗಸ್ತಿನ ಪೊಲೀಸರು ಬಸ್ಸಿನೊಳಗೆಲ್ಲ ಓಡಾಡಿ ಸಾಕ್ಷ್ಯವನ್ನು ತುಳಿದು ಹಾಳು ಮಾಡುತ್ತಾರೆ. ಸತ್ತವರಲ್ಲಿ ಒಬ್ಬ ಓಕೆ ಸ್ಟೆನ್‌ಸ್ಟ್ರೋಮ್. ಬೆಕ್‌ನ ತಂಡದ ಕಿರಿಯ ಪತ್ತೇದಾರ. ಅವನು ಆ ರಾತ್ರಿ ಆ ಬಸ್ಸಿನಲ್ಲಿ ಏಕೆ ಇದ್ದ ಎಂಬುದು ಸಹೋದ್ಯೋಗಿಗಳಲ್ಲಿ ಒಬ್ಬರಿಗೂ ತಿಳಿಯದು. ಕೆಲಸ ವಿಪರೀತವಾಗಿದೆ ಎಂದು ಅವನು ತನ್ನ ಸಂಗಾತಿ ಓಸಾಳಿಗೆ ಹೇಳುತ್ತಿದ್ದ. ಕಚೇರಿಯಲ್ಲಿಯೋ ಆ ದಿನಗಳಲ್ಲಿ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ.

ಇಲ್ಲಿಂದ ಮುಂದೆ ಲೇಖಕರು ಅನುಸರಿಸುವ ದಾರಿ ನನಗೆ ಬಹಳ ಮೆಚ್ಚುಗೆಯಾಗುತ್ತದೆ. ಕೊಲೆಗಾರನ ಜಾಡು ಸಿಗದ ಪೊಲೀಸರು ಸತ್ತವರ ಬದುಕಿನ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತಾರೆ. ನರ್ಸ್ ಒಬ್ಬಳು, ವಿಧವೆಯೊಬ್ಬಳು, ವ್ಯಾಪಾರಿಯೊಬ್ಬ, ಗುರುತೇ ಸಿಗದಂತೆ ಮುಖ ಛಿದ್ರವಾದ ಒಬ್ಬ, ಹಲವು ಜನರ ನಡುವೆ ಇಕ್ಕಟ್ಟಿನ ಬಾಡಿಗೆ ಕೋಣೆಯಲ್ಲಿ ದಿನ ದೂಡುತ್ತಿದ್ದ ಅರಬ್ ವಲಸೆ ಕಾರ್ಮಿಕ: ಇವರಲ್ಲಿ ಹೆಚ್ಚಿನವರಿಗೆ ಕೊಲೆಗಾರನೊಂದಿಗೆ ಯಾವ ಸಂಬಂಧವೂ ಇಲ್ಲ. ಆದರೂ ಲೇಖಕರು ಅವರನ್ನು ಬರಿಯ ಹೆಣಗಳೆಂದು ಎಣಿಸಿ ಮುಂದೆ ಹೋಗುವುದಿಲ್ಲ. ಅವರ ಕೋಣೆ, ಕೂಲಿ, ಗುಟ್ಟು, ಒಂಟಿತನಗಳ ಮೂಲಕ ಸುಭಿಕ್ಷ ದೇಶವೆಂದು ಹೆಸರಾದ ಸ್ವೀಡನ್ನಿನ ಒಳಮುಖವನ್ನು ತೋರಿಸುತ್ತಾರೆ. ನೀನು ಹಾರಿಸುವ ಪುಟಗಳಲ್ಲಿ ಇರುವವರು ಈ ಜನರೇ, ಮಗಳೇ.

ಎರಡು ಕಡೆ ನಿಧಾನವಾಗಿ ಓದು. ಒಂದು, ಆಸ್ಪತ್ರೆಯ ದೃಶ್ಯ. ಬಸ್ಸಿನಲ್ಲಿ ಬದುಕುಳಿದ ಒಬ್ಬನೇ ಒಬ್ಬ ಸಾಯುವ ಮುನ್ನ ಕ್ಷಣಕಾಲ ಎಚ್ಚರಗೊಂಡಾಗ, ರೋನ್ ಎಂಬ ಪೊಲೀಸ್ ಟೇಪ್ ರೆಕಾರ್ಡರ್ ಹಿಡಿದು ಎರಡು ಪ್ರಶ್ನೆ ಕೇಳುತ್ತಾನೆ. ಬಂದ ಎರಡು ಉತ್ತರಗಳೂ ಅರ್ಥವಾಗದ ತೊದಲು. ಆ ಟೇಪನ್ನು ಮತ್ತೆ ಮತ್ತೆ ಕೇಳುವ ತಾಳ್ಮೆಯನ್ನು ಗಮನಿಸು. ಇನ್ನೊಂದು, ಓಸಾಳನ್ನು ಬೆಕ್‌ನ ಸಹೋದ್ಯೋಗಿ ಕೋಲ್‌ಬರಿ ವಿಚಾರಣೆ ಮಾಡುವ ಅಧ್ಯಾಯ. ಅವನ ಪ್ರಶ್ನೆಗಳು ನಿಷ್ಠುರವಾಗಿವೆ, ಓದುವಾಗ ಸಿಟ್ಟು ಬರುತ್ತದೆ. ಆದರೆ ಅವಳ ಸ್ಥಿತಿಯನ್ನು ಕಂಡ ಅವನೇ ಅವಳನ್ನು ತನ್ನ ಮನೆಗೆ ಕರೆದೊಯ್ದು ಹೆಂಡತಿಯ ಆರೈಕೆಯಲ್ಲಿ ಇರಿಸುತ್ತಾನೆ. ಇದೇ ಓಸಾ ಮುಂದಿನ ಕಾದಂಬರಿಗಳಲ್ಲಿ ತಾನೂ ಪೊಲೀಸ್ ಆಗುತ್ತಾಳೆ. ಸರಣಿಯನ್ನು ಕ್ರಮವಾಗಿ ಓದಬೇಕೆನ್ನಲು ನನಗೆ ಈ ಕಾರಣವೊಂದೇ ಸಾಕು.

ಕ್ರಿಸ್‌ಮಸ್‌ಗೆ ಬೆಕ್‌ನ ಮಗಳು ಇಂಗ್ರಿಡ್ ಅಪ್ಪನಿಗೆ ಒಂದು ಹಳೆಯ ಹಾಸ್ಯಗೀತೆಯ ರೆಕಾರ್ಡನ್ನು ಉಡುಗೊರೆ ಕೊಡುತ್ತಾಳೆ. ಮನೆಯವರೆಲ್ಲ ನಗುತ್ತಾರೆ, ಬೆಕ್‌ಗೆ ಮಾತ್ರ ನಗು ಬರುವುದಿಲ್ಲ. ಶೀರ್ಷಿಕೆ ಆ ರೆಕಾರ್ಡಿನದೇ. ಅದರ ಪೂರ್ಣ ಅರ್ಥ ತೆರೆಯುವುದು ಕೊನೆಯ ಪುಟದಲ್ಲಿ. ಮೊದಲೇ ಅಲ್ಲಿಗೆ ಹೋದರೆ ಆ ಪುಟ ನಿನಗೆ ಏನನ್ನೂ ಹೇಳದು.

ಮೊದಲ ಕಾದಂಬರಿ ‘ರೋಸಾನ್ನಾ’ ನನ್ನ ಬಳಿ ಇದೆ. ಅದರಲ್ಲಿ ಕಾಲುವೆಯಿಂದ ಮೇಲೆತ್ತಿದ ಹೆಣ ಯಾರದೆಂದು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಇದನ್ನು ಓದಿ ಮುಗಿಸಿದ ಕೂಡಲೇ ತಿಳಿಸು, ಅದನ್ನೂ ಅಂಚೆಗೆ ಹಾಕುತ್ತೇನೆ.

ಇಂತಿ,
ನಿನ್ನ ಅಪ್ಪ