ಪಾವತಿಯಲ್ಲಿ ಹೆಸರು ಬರೆಸದವರಿಗೆ

ಮೊನ್ನೆ ಶನಿವಾರ ನಮ್ಮ ಕೊನೆಯ ಗಾಡಿ ಹೋಗಿ ಬಂತು. ಮಲಪ್ರಭೆಯ ನೆರೆಗೆ ಸಿಕ್ಕ ಗದಗ ಜಿಲ್ಲೆಯ ಕೊಣ್ಣೂರಿನ ಆಸುಪಾಸಿನ ಮೂರು ಸರ್ಕಾರಿ ಶಾಲೆಗಳ 412 ಮಕ್ಕಳಿಗೆ ನೋಟ್‌ಬುಕ್ಕು, ಚೀಲ, ಕಂಪಾಸ್ ಪೆಟ್ಟಿಗೆ ಮುಟ್ಟಿದವು. ಕೂಡಿದ್ದು 1,86,430 ರೂಪಾಯಿ. ಖರ್ಚಾಗಿದ್ದು 1,83,290. ಉಳಿದ 3,140 ರೂಪಾಯಿ ಆ ಊರಿನ ಒಬ್ಬ ಹೆಡ್‌ಮಾಸ್ತರರ ಕೈಯಲ್ಲಿದೆ, ಅದಕ್ಕೂ ಪಾವತಿ (ರಸೀದಿ) ಪಡೆದಿದ್ದೇವೆ. ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುವವರು ನಾವು, ಲೆಕ್ಕ ಮೊದಲು ಹೇಳದಿದ್ದರೆ ಸರಿಯಾಗುವುದಿಲ್ಲ.

ಇನ್ನು ಕೊಟ್ಟವರ ಮಾತು. ಹೆಸರು ಹಾಕಬೇಡಿ ಎಂದವರೇ ಜಾಸ್ತಿ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ. ಓದಿದರೆ ಅವರವರಿಗೆ ತಿಳಿಯುತ್ತದೆ.

2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಉಂಡಿ ಡಬ್ಬಿ ಖಾಲಿಯಾಗುವ ಮೊದಲೇ ಹೊಳೆ ಊರೊಳಗೆ ಬಂತು. ನವಿಲುತೀರ್ಥ ಜಲಾಶಯದಿಂದ ಮಲಪ್ರಭೆಗೆ ನೀರು ಬಿಟ್ಟರು. ಈ ಕಡೆ ಬೆಣ್ಣೆಹಳ್ಳವೂ ಉಕ್ಕಿತ್ತು. ಕೊಣ್ಣೂರಿನ ಹತ್ತಿರ ರಸ್ತೆಯೇ ಮುಳುಗಿ ಹುಬ್ಬಳ್ಳಿಯಿಂದ ಬಾಗಲಕೋಟೆ ಕಡೆ ಹೋಗುವ ಗಾಡಿಗಳು ನಿಂತವು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತು. ಮಹದಾಯಿ ನೀರು ಬೇಕು ಅಂತ 2015ರಿಂದ ಧರಣಿ ಕೂತ ಸೀಮೆ ಇದು. ನೀರಿಲ್ಲ ಎಂದು ಅತ್ತವರ ಮನೆಯೊಳಗೇ ಎದೆಮಟ್ಟ ನೀರು. ನಮ್ಮ ಕ್ಲಾಸಿನ ಇಬ್ಬರ ಊರು ಆ ಕಡೆಯದು. ಹಾಗಾಗಿ ಸುಮ್ನೆ ಕೂರಲು ಆಗಲಿಲ್ಲ. ಮಳೆಗೆ ರಜೆ ಇತ್ತು, ಹದಿನೇಳು ಜನ ಕೊಡೆ ಹಿಡಿದು ಹೊರಟೆವು.

ಹೊರಟ ಹೊತ್ತು ಮಾತ್ರ ಸರಿ ಇರಲಿಲ್ಲ. ಸೆಪ್ಟೆಂಬರ್ 2ಕ್ಕೆ ಗಣಪತಿ ಹಬ್ಬ. ಪಾವತಿ ಪುಸ್ತಕ ಹಿಡಿದ ಹುಡುಗರನ್ನು ಕಂಡರೆ ಅಂಗಡಿಯವರು ಗಲ್ಲಾ ಪೆಟ್ಟಿಗೆ ಮುಚ್ಚುವ ತಿಂಗಳು ಅದು. ಕೊಪ್ಪಿಕರ ರಸ್ತೆಯ ಮೊದಲ ಅಂಗಡಿಯಲ್ಲೇ ಪ್ರಶ್ನೆ ಬಂತು.

“ಯಾವ ಓಣಿ ಗಣಪತೀರಿ ಇದು?”

“ಗಣಪತಿ ಅಲ್ರಿ ಕಾಕಾ. ಹೊಳಿ ಬಂದದಲ್ರಿ, ಆ ಊರಿನ ಹುಡುಗ್ರಿಗೆ.”

“ಹಂಗಾರ ಒಳಗ ಬರ್ರಿ, ತೊಯ್ಸಿಕೋಬ್ಯಾಡ್ರಿ.”

ಆ ಕಾಕಾ 500 ರೂಪಾಯಿ ಕೊಟ್ಟರು, ಚಹಾ ಕುಡಿಸಿದರು. ಪಕ್ಕದ ನಾಲ್ಕು ಅಂಗಡಿಗೆ ತಾವೇ ನಮ್ಮ ಜೊತೆ ಬಂದರು. ದುಡ್ಡಿಗಿಂತ ಆ ನಾಲ್ಕು ಅಂಗಡಿಯ ನಡಿಗೆಯೇ ದೊಡ್ಡದು. ನಮಗೆ ಆವತ್ತಿನವರೆಗೆ ಕೇಳುವುದು ಗೊತ್ತೇ ಇರಲಿಲ್ಲ. ಅಂಗಡಿ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಬರೆದಿಟ್ಟುಕೊಂಡ ಭಾಷಣ ಓದುತ್ತಿದ್ದೆವು. ಕಾಕಾ ಹೇಳಿದ್ದು ಒಂದೇ ಮಾತು: “ಏನ ಬೇಕು, ಎಷ್ಟ ಬೇಕು, ಯಾವಾಗ ಒಯ್ತೀರಿ, ಅಷ್ಟ ಹೇಳ್ರಿ. ಗಿರಾಕಿ ನಿಂತಾವ.”

ಒಂದು ದೊಡ್ಡ ಕಚೇರಿಯವರು ನಮ್ಮನ್ನು ಐದು ಸಲ ತಿರುಗಿಸಿ, ಆಮೇಲೆ ಬ್ಯಾನರಿನಲ್ಲಿ ತಮ್ಮ ಹೆಸರು ಎಷ್ಟು ದೊಡ್ಡದಾಗಿ ಬರುತ್ತದೆ ಎಂದು ಕೇಳಿದರು. ಬ್ಯಾನರೇ ಮಾಡಿಸಿಲ್ಲ ಎಂದೆವು. ಅಲ್ಲಿಗೆ ಮುಗಿಯಿತು.

ಮೊದಲ ವಾರ ನಾವು ಮಾಡಿದ ತಪ್ಪನ್ನೂ ಹೇಳಬೇಕು. ಹಳೇ ಬಟ್ಟೆ ಕೊಡಿ ಎಂದು ವಾಟ್ಸಾಪಿನಲ್ಲಿ ಹಾಕಿಬಿಟ್ಟೆವು. ಎರಡೇ ದಿನಕ್ಕೆ ಒಂದು ಕೋಣೆ ತುಂಬಿತು. ಗುಂಡಿ ಕಿತ್ತ ಅಂಗಿ, ಹರಿದ ಸೀರೆ, ಒಂದು ಮದುವೆ ಕೋಟು ಕೂಡ. ಅಷ್ಟನ್ನೂ ಗಂಟು ಕಟ್ಟಲು ದಾರ, ಗೋಣಿಚೀಲ ಕೇಳಲು ಜವಳಿ ಸಾಲಿನ ಒಬ್ಬ ಸಾವಕಾರರ ಹತ್ತಿರ ಹೋದೆವು. ಅವರು ಒಂದು ಗಂಟು ಬಿಚ್ಚಿಸಿದರು. ಒಂದು ಸೀರೆ ಎತ್ತಿ, ಬೆಳಕಿಗೆ ಹಿಡಿದು, “ಇದನ್ನ ನಿಮ್ಮವ್ವಗ ಉಡಾಕ ಕೊಡ್ತಿಯೇನ ತಮ್ಮಾ?” ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಮಾರನೆಯ ದಿನ ಅವರ ಅಂಗಡಿಯಿಂದ 60 ಹೊಸ ಚಾದರ ಬಂದವು. ಬಿಲ್ಲಿನಲ್ಲಿ ಕೊಂಡ ದರ ಮಾತ್ರ ಬರೆದು, ಅದರಲ್ಲೂ ಅರ್ಧ ಹೊಡೆದು ಹಾಕಿದ್ದರು. ಸಾವಕಾರ್ರೇ, ಚಾದರಕ್ಕೆ ಒಂದು ನಮಸ್ಕಾರ, ಆ ಪ್ರಶ್ನೆಗೆ ಎರಡು.

ಹಳೇ ಸೀರೆಗಳು ಏನಾದವು ಎಂದರೆ, ನಮ್ಮ ಅಜ್ಜಿಯ ಓಣಿಗೆ ಹೋದವು. ಗಟ್ಟಿ ಇದ್ದವನ್ನು ಆರಿಸಿ, ಒಗೆದು, ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಕೂತು ಓಣಿಯ ಹೆಂಗಸರು ಕೌದಿ ಹೊಲಿದರು. ಒಂದು ತಿಂಗಳಿಗೆ ಹನ್ನೊಂದು ಕೌದಿ. ಕಣ್ಣು ಮಂಜಾದ ಅಜ್ಜಿಗೆ ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ನನ್ನದಾಗಿತ್ತು. ಕೊನೆಯ ಗಾಡಿಯಲ್ಲಿ ಎಲ್ಲಕ್ಕಿಂತ ಮೊದಲು ಇಳಿಸಿಕೊಂಡದ್ದು ಆ ಕೌದಿಗಳನ್ನೇ.

ನೋಟ್‌ಬುಕ್ಕೇ ಯಾಕೆ ಅಂತ ಹಲವರು ಕೇಳಿದ್ದಿರಿ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ ಬಿಟ್ಟಿ, ಸಮವಸ್ತ್ರ ಬಿಟ್ಟಿ. ಬರೆಯುವ ಪುಸ್ತಕ ಮಾತ್ರ ಮನೆಯವರೇ ಕೊಡಿಸಬೇಕಿತ್ತು. ಜೂನ್‌ನಲ್ಲಿ ಒಮ್ಮೆ ಕೊಡಿಸಿದ್ದು ಆಗಸ್ಟಿನಲ್ಲಿ ಕೆಸರಾಗಿತ್ತು. ಇದನ್ನು ನಮಗೆ ತಿಳಿಸಿದವರು ಅಲ್ಲಿಯ ಹೆಡ್‌ಮಾಸ್ತರರು. ನಾವು ಅಕ್ಕಿ ತರುತ್ತೇವೆ ಎಂದಾಗ, ಅಕ್ಕಿ ಸಾಕಷ್ಟು ಬಂದಿದೆ ಎಂದರು. ಅವರು ಹೇಳದಿದ್ದರೆ ಇನ್ನೊಂದು ಲೋಡು ಅಕ್ಕಿ ಒಯ್ದು ಫೋಟೋ ತೆಗೆಸಿಕೊಂಡು ಬರುತ್ತಿದ್ದೆವೇನೋ.

ದುರ್ಗದ ಬೈಲಿನ ಹತ್ತಿರದ ಹೋಲ್‌ಸೇಲ್ ಅಂಗಡಿಗೆ ಹೋಗಿ, “200 ಪೇಜಿನ ನೋಟ್‌ಬುಕ್ಕು ಮೂರು ಸಾವಿರ ಕೊಡ್ರಿ” ಎಂದೆವು, ದೊಡ್ಡ ವ್ಯಾಪಾರಿಗಳ ಹಾಗೆ. ಮಾಲೀಕರು ಕನ್ನಡಕ ತೆಗೆದು ಕೇಳಿದರು: “ಎಷ್ಟನೇತ್ತ ಹುಡುಗ್ರು?” ಒಂದರಿಂದ ಏಳು ಅಂದೆವು. ಆಮೇಲೆ ಅರ್ಧ ಗಂಟೆ ಪಾಠ. ಒಂದನೇತ್ತದ ಕೂಸು 200 ಪೇಜು ಹೊತ್ತುಕೊಂಡು ಏನು ಮಾಡುತ್ತದೆ? ಸಣ್ಣವರ ಕನ್ನಡಕ್ಕೆ ಎರಡು ಗೆರೆಯದು, ಇಂಗ್ಲಿಷಿಗೆ ನಾಲ್ಕು ಗೆರೆಯದು, ಲೆಕ್ಕಕ್ಕೆ ಚೌಕಳಿ. ಕ್ಲಾಸಿಗೊಂದು ಕಟ್ಟು ಮಾಡಿ, ಮೇಲೆ ಚೀಟಿ ಹಚ್ಚಿ ಕೊಟ್ಟರು. ಶಾಲೆಯಲ್ಲಿ ಹಂಚಲು ಹತ್ತು ನಿಮಿಷ ಸಾಕಾಯಿತು. ತಮ್ಮ ಲಾಭ ಬಿಟ್ಟರು, ಜಿಎಸ್‌ಟಿ ಮಾತ್ರ ಹಾಕಲೇಬೇಕಾಯಿತು. 2019ರಲ್ಲಿ ಬರೆಯುವ ಪುಸ್ತಕಕ್ಕೂ 12 ಪರ್ಸೆಂಟ್ ಇತ್ತು, ಅದನ್ನು ಕ್ಲಾಸಿನಲ್ಲಿ ಓದಿದ್ದೆವು. ಅದು ಹೇಗೆ ಕಚ್ಚುತ್ತದೆ ಎಂದು ಆವತ್ತು ಗೊತ್ತಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಹಿಡಿದು ಕೂಡಿಸಿದ್ದು ಬರೀ ಚಿಲ್ಲರೆ. ಎಣಿಸಿದರೆ ಮುಗಿಯದು, ಬ್ಯಾಂಕಿಗೆ ಒಯ್ದರೆ ಮುಖ ತಿರುಗಿಸುತ್ತಾರೆ. ಒಂದು ಖಾನಾವಳಿಯ ಅಕ್ಕ ಎಲ್ಲ ಚಿಲ್ಲರೆ ಇಟ್ಟುಕೊಂಡು ನೋಟು ಕೊಟ್ಟರು. 4,812 ಇದ್ದದ್ದಕ್ಕೆ 5,000. ಆ ಅಕ್ಕನೇ ಮೊದಲ ವಾರ 400 ಕಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ ಕಳಿಸಿದ್ದು. ಆ ವಾರ ನಮ್ಮ ಖಜಾಂಚಿ ಹುಡುಗಿಗೆ ಲೆಕ್ಕದಲ್ಲಿ 450 ರೂಪಾಯಿ ಹೆಚ್ಚು ಬರುತ್ತಿತ್ತು. ಕಡಿಮೆ ಬಂದರೆ ಕೈಯಿಂದ ಹಾಕಬಹುದು, ಹೆಚ್ಚಿಗೆ ಬಂದದ್ದನ್ನು ಏನು ಮಾಡುವುದು? ರಾತ್ರಿ ಹತ್ತರವರೆಗೆ ಕೂತು ಹುಡುಕಿದಳು. ಕೊನೆಗೆ ನೋಡಿದರೆ ಒಂದು ಪಾವತಿಯಲ್ಲಿ ನಾನೇ 500ರ ಜಾಗದಲ್ಲಿ 50 ಬರೆದಿದ್ದೆ. ಅವಳಿಗೂ ಇಲ್ಲೇ ಕ್ಷಮೆ ಕೇಳಿಬಿಡುತ್ತೇನೆ, ಎದುರಿಗೆ ಕೇಳಿದರೆ ಬೈಯುತ್ತಾಳೆ.

ಅಮರಗೋಳದ ಎಪಿಎಂಸಿಯ ಹಮಾಲರಿಗೆ ಹೇಗೆ ಋಣ ತೀರಿಸುವುದೋ ತಿಳಿಯದು. ಚೀಲಕ್ಕಿಷ್ಟು ಅಂತ ದುಡಿಯುವವರು. ನಮ್ಮ ಗಾಡಿ ಎರಡು ಸಲ ಬಿಟ್ಟಿ ತುಂಬಿದರು, ಮೇಲೆ ಎಲ್ಲರೂ ಹತ್ತತ್ತು ರೂಪಾಯಿ ಹಾಕಿದರು. ಅವರಲ್ಲಿ ಒಬ್ಬರ ಮನೆ 2009ರ ನೆರೆಯಲ್ಲಿ ಬಿದ್ದಿತ್ತಂತೆ. ಟಾಟಾ ಏಸ್ ಅಣ್ಣ ಡೀಸೆಲ್ ಅಷ್ಟೇ ಹಾಕಿಸಿಕೊಂಡರು. ಒಂದು ಓಣಿಯ ಗಣಪತಿ ಮಂಡಳಿಯವರು ಡಿಜೆ ಬಿಟ್ಟು 15,000 ಕೊಟ್ಟರು. ಆ ಓಣಿಯ ಹುಡುಗರಿಗೆ ಅದು ಎಷ್ಟು ಕಷ್ಟದ ಮಾತು ಎಂದು ನಮಗೆ ಗೊತ್ತು! ನಮ್ಮ ಮೇಷ್ಟ್ರುಗಳಿಗೆ, ಹಾಜರಿ ಕೊಟ್ಟಿದ್ದಕ್ಕೆ, ಥ್ಯಾಂಕ್ಸ್.

ಪಾವತಿ ನಂಬರ್ 147 ಒಂದು ಕೊಡುವುದು ಉಳಿದಿತ್ತು. ದುರ್ಗದ ಬೈಲಿನಲ್ಲಿ ಕಾಯಿಪಲ್ಲೆ ಮಾರುವ ಅವ್ವ 20 ರೂಪಾಯಿ ಕೊಟ್ಟಿದ್ದರು. ಹೆಸರು ಕೇಳಿದರೆ, “ಕಾಯಿಪಲ್ಲೆ ಅವ್ವ ಅಂತ ಬರಕೋ” ಎಂದಿದ್ದರು. ಹಾಗೆಯೇ ಬರೆದಿದ್ದೆ. ಆವತ್ತು ಮಳೆ ಜೋರಾಗಿ, ಹರಿದು ಕೊಡುವುದು ಮರೆತಿತ್ತು. ನಿನ್ನೆ ಸಂಜೆ ಒಯ್ದು ಕೊಟ್ಟೆ. ಓದಿ ಹೇಳು ಎಂದರು, ಹೇಳಿದೆ. ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡರು.

“ಕೊತಂಬ್ರಿ ಒಯ್ತಿಯೇನು? ಎಲ್ಲಾ ಹೋಗಿ ಎರಡ ಸೂಡು ಉಳದಾವ ನೋಡು.”

ಎರಡನ್ನೂ ತಂದೆ.