ಮೂರು ಹಾಡಿನಷ್ಟು ಹೊತ್ತು, ನಾಲ್ಕು ಅಡಿ ಜಾಗ

ಸಂಪಾದಕರಿಗೆ ನಮಸ್ಕಾರ.

ಸಂಗೀತ ಕಾರ್ಯಕ್ರಮಗಳಲ್ಲಿ ಕ್ಯಾಮೆರಾದವರು ವೇದಿಕೆಗೆ ಅಡ್ಡ ನಿಂತು ಕಾಟ ಕೊಡುತ್ತಾರೆ, ಈ ಸಲದ ದಸರಾದಲ್ಲಿ ಅವರನ್ನು ಮೈದಾನದ ಒಳಗೇ ಬಿಡಬಾರದು ಎಂದು ಮಡಿಕೇರಿಯ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ನಾನು ಆ ಕ್ಯಾಮೆರಾದವರಲ್ಲಿ ಒಬ್ಬಳು. ಊರೂರು ಸುತ್ತಿ ಹಾಡುವ ಬ್ಯಾಂಡ್‌ಗಳು, ಗಾಯಕರು, ವಾದ್ಯಗಾರರ ಜೊತೆ ಹೋಗಿ ಫೋಟೊ ತೆಗೆಯುವುದೇ ನನ್ನ ಕಸುಬು. ಊರು ಕೊಡಗಿನ ಸುಂಟಿಕೊಪ್ಪ. ಓದುಗರ ದೂರು ನಿಜ. ಅವರು ಹೇಳಿದ ಪರಿಹಾರವನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮಡಿಕೇರಿಯ ಗಾಂಧಿ ಮೈದಾನದಲ್ಲಿ ಸ್ವೆಟರ್ ಹಾಕಿಕೊಂಡು, ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಸಂಜೆಯಿಂದ ಕಾದವರಿಗೆ ಕೊನೆಗೆ ಕಾಣುವುದು ನಮ್ಮ ಬೆನ್ನು. ಕೋಪ ಬರುವುದು ಸಹಜ ಅಲ್ವಾ? ಆದರೆ ಅಲ್ಲಿ ಅಡ್ಡ ನಿಂತವರು ಯಾರು ಯಾರು ಎಂದು ಒಮ್ಮೆ ಸುಮ್ನೆ ಗಮನಿಸಿ. ಪತ್ರಿಕೆಗಳ ಫೋಟೊಗ್ರಾಫರ್‌ಗಳು ಇರುತ್ತಾರೆ. ಸಮಿತಿಯವರೇ ಕರೆಸಿದವರು ಇರುತ್ತಾರೆ. ಬ್ಯಾಂಡ್ ಜೊತೆ ಬಂದ ನನ್ನಂಥವರು ಇರುತ್ತಾರೆ. ಎಲ್‌ಇಡಿ ಪರದೆಗೆ ಚಿತ್ರ ಕಳಿಸುವ ವಿಡಿಯೊ ತಂಡ, ಅವರ ಉದ್ದನೆಯ ಕ್ರೇನು. ಟ್ರೈಪಾಡ್ ಊರಿ ಮೊಬೈಲಿನಲ್ಲೇ ನೇರಪ್ರಸಾರ ಮಾಡುವವರು. ಇವರೆಲ್ಲರಿಗಿಂತ ಮುಂದೆ, ಗಣ್ಯರ ಜೊತೆ ಬಂದು ಮೊಬೈಲ್ ಎತ್ತಿ ಹಿಡಿದು ನಿಲ್ಲುವ ಹುಡುಗರು. ಹಿಂದೆ ಕೂತವರಿಗೆ ಇವರಲ್ಲಿ ಯಾರು ಯಾರೆಂದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಅವರಿಗಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ಕಾರ್ಯಕ್ರಮ ನಡೆಸುವವರು.

ದೊಡ್ಡ ಶೋಗಳಲ್ಲಿ ಇದಕ್ಕೆ ಒಂದು ಪದ್ಧತಿ ಇದೆ. ದೇಶ ಯಾವುದಾದರೂ ಬಹುಪಾಲು ಅದೇ: ಮೊದಲ ಮೂರು ಹಾಡು, ಫ್ಲ್ಯಾಶ್ ಇಲ್ಲ. ವೇದಿಕೆಗೂ ಜನರ ಮುಂದಿನ ಬ್ಯಾರಿಕೇಡಿಗೂ ನಡುವೆ ಒಂದು ಓಣಿಯಷ್ಟು ಜಾಗ ಬಿಟ್ಟಿರುತ್ತಾರೆ. ಅದಕ್ಕೆ ಪಿಟ್ ಎನ್ನುತ್ತಾರೆ. ಪಾಸ್ ಇದ್ದವರು ಮಾತ್ರ ಒಳಗೆ. ಪಕ್ಕದವರಿಗೆ ಅಡ್ಡ ಬಾರದಂತೆ ಬಗ್ಗಿ ಓಡಾಡಬೇಕು, ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಬಾರದು. ಮೂರನೇ ಹಾಡು ಮುಗಿಯುತ್ತಿದ್ದಂತೆ ಸೆಕ್ಯುರಿಟಿಯವರು ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಆಮೇಲೆ ಬೇಕಿದ್ದರೆ ಮೈದಾನದ ಹಿಂದೆ, ಸೌಂಡ್ ಮಿಕ್ಸರ್ ಇರುವ ಜಾಗದಿಂದ ಉದ್ದ ಲೆನ್ಸಿನಲ್ಲಿ ತೆಗೆಯಬಹುದು. ಬ್ಯಾಂಡಿನವರೇ ಕರೆದುಕೊಂಡು ಬಂದ ಫೋಟೊಗ್ರಾಫರ್‌ಗೆ ಬೇರೆ ಪಾಸ್ ಇರುತ್ತದೆ. ನಾವು ಕಪ್ಪು ಬಟ್ಟೆ ಹಾಕಿ ವೇದಿಕೆಯ ಪಕ್ಕದಲ್ಲಿ, ಡ್ರಮ್ಸ್ ಹಿಂದೆ, ಕತ್ತಲಲ್ಲಿ ಇರುತ್ತೇವೆ. ಜನರ ಕಣ್ಣಿಗೆ ಬಿದ್ದರೆ ತಂಡದ ಮ್ಯಾನೇಜರ್ ಮರುದಿನ ಕೇಳುತ್ತಾರೆ.

ಮೂರು ಹಾಡು ಎಂದರೆ ಸುಮಾರು 12ರಿಂದ 15 ನಿಮಿಷ. ಪತ್ರಿಕೆಗೆ ಬೇಕಾದ ಚಿತ್ರ ಅಷ್ಟರಲ್ಲಿ ಸಿಗುತ್ತದೆಯೇ ಎಂದು ಕೇಳಿದರೆ, ಕೆಲಸ ಗೊತ್ತಿದ್ದವರಿಗೆ ಖಂಡಿತ ಸಿಗುತ್ತದೆ. ಒಳ್ಳೆ ಕ್ಯಾಮೆರಾ ಇದ್ದರೆ ಯಾರು ಬೇಕಾದರೂ ತೆಗೆಯಬಹುದು ಎನ್ನುವ ಮಾತನ್ನು ತುಂಬ ಕೇಳಿದ್ದೇನೆ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೇದಿಕೆಯ ಬೆಳಕು ಫೋಟೊಗೆಂದು ಹಾಕಿದ್ದಲ್ಲ. ಈಗ ಕೆಂಪು, ಮರುಕ್ಷಣ ನೀಲಿ, ಆಮೇಲೆ ಕತ್ತಲು. ಬರೀ ಕೆಂಪು ಎಲ್‌ಇಡಿ ಬಿದ್ದರೆ ಗಾಯಕರ ಕಣ್ಣು, ಮೂಗು, ಕೆನ್ನೆ ಎಲ್ಲ ಒಂದೇ ಬಣ್ಣದಲ್ಲಿ ಅಳಿಸಿಹೋಗುತ್ತವೆ. ಆಗ ಕಾಯಬೇಕು. ಹಿಂದಿನಿಂದ ಒಂದು ಬಿಳಿ ಬೆಳಕು ಬರುವ ಗಳಿಗೆ ಯಾವುದು ಎಂದು ಗೊತ್ತಿರಬೇಕು. ನಾನು ಮಧ್ಯಾಹ್ನ ಸೌಂಡ್ ಚೆಕ್ ನಡೆಯುವಾಗಲೇ ಲೈಟಿನವರ ಹತ್ತಿರ ಹೋಗಿ ಯಾವ ಹಾಡಿಗೆ ಯಾವ ಬಣ್ಣ ಎಂದು ಕೇಳಿಕೊಳ್ಳುತ್ತೇನೆ. ಕಡಿಮೆ ಬೆಳಕಿಗೆಂದು ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಹಿಡಿಯುವ ಚುರುಕು, 3200ರಿಂದ 6400; ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, 2.8ರಷ್ಟು ಅಗಲ; ಶಟರ್ ತೆರೆದಿರುವ ಹೊತ್ತು ಒಂದು ಸೆಕೆಂಡಿನ 250ನೇ ಒಂದು ಭಾಗ. ರಘು ದೀಕ್ಷಿತ್ ಅವರಂತೆ ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಕುಣಿಯುವ ಗಾಯಕರಾದರೆ 500ನೇ ಒಂದು ಭಾಗವಾದರೂ ಬೇಕು. ಜಿಗಿಯುವುದನ್ನು ಕಂಡ ಮೇಲೆ ಬಟನ್ ಒತ್ತಿದರೆ ತಡವಾಯಿತು. ಹಾಡು ಬಾಯಿಪಾಠ ಇರಬೇಕು. ಯಾವ ಸಾಲು ಮುಗಿದ ಮೇಲೆ ಡ್ರಮ್ಸ್ ಬೀಳುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಲು ಮೈಕಿನಿಂದ ಹಿಂದೆ ಸರಿಯುತ್ತಾರೆ ಎಂದು ತಿಳಿದಿರಬೇಕು. ಮೈಕು ಬಾಯಿಗೆ ಅಂಟಿಕೊಂಡಿದ್ದರೆ ಅರ್ಧ ಮುಖವೇ ಇರುವುದಿಲ್ಲ. ಅದಕ್ಕೇ ಪ್ರವಾಸ ಹೊರಡುವ ಮುಂಚೆ ಆ ತಂಡದ ಹಾಡುಗಳು ನಮ್ಮ ಮನೆಯಲ್ಲಿ ಅಡುಗೆ ಮಾಡುವಾಗಲೂ ಓಡುತ್ತಿರುತ್ತವೆ. ಅಮ್ಮನಿಗೂ ಅರ್ಧ ಬರುತ್ತವೆ.

ಪಿಟ್‌ನಲ್ಲಿ ಜಾಸ್ತಿ ಹೊತ್ತು ಇರಬಾರದು ಎನ್ನುವುದಕ್ಕೆ ನಮ್ಮ ಕಿವಿಯೂ ಒಂದು ಕಾರಣ. ನಮ್ಮ ಎದೆಯ ಎತ್ತರಕ್ಕೇ ಸಬ್‌ವೂಫರ್‌ಗಳು, ಅಂದರೆ ದಪ್ಪ ಸದ್ದಿನ ದೊಡ್ಡ ಸ್ಪೀಕರ್‌ಗಳು, ಇರುತ್ತವೆ. ಕೆಲಸಗಾರರ ಆರೋಗ್ಯವನ್ನು ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಸದ್ದು 3 ಡೆಸಿಬೆಲ್ ಏರಿದ ಹಾಗೆಲ್ಲ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ನಾನು ಇಯರ್ ಪ್ಲಗ್ ಇಲ್ಲದೆ ವೇದಿಕೆ ಹತ್ತಿರ ಹೋಗುವುದಿಲ್ಲ. ಮಡಿಕೇರಿ ದಸರಾದಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪದ ರಾತ್ರಿ ಸ್ಪೀಕರ್‌ಗಳ ಮುಂದೆ ಪುಟ್ಟ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತವರನ್ನು ಕಂಡಾಗ ಸಂಕಟವಾಗುತ್ತದೆ. ಆ ಮಕ್ಕಳ ಕಿವಿಗೆ ದಯವಿಟ್ಟು ಏನಾದರೂ ಹಾಕಿ.

ಶಾಸ್ತ್ರೀಯ ಕಛೇರಿಗೆ ಮೂರು ಹಾಡಿನ ನಿಯಮ ಹಾಗೇ ಹೊಂದುವುದಿಲ್ಲ. ಮೂರನೇ ಕೃತಿಯ ಹೊತ್ತಿಗೆ ಗಾಯಕರ ದನಿ ಈಗಷ್ಟೇ ಬಿಸಿಯಾಗಿರುತ್ತದೆ. ಕಛೇರಿಯ ಶುರುವಿನಲ್ಲಿ ಹಾಡುವ ವರ್ಣ ಮತ್ತು ಅದರ ನಂತರದ ಒಂದು ಕೃತಿ, ಅಷ್ಟರಲ್ಲಿ ಗಾಯಕರ ಚಿತ್ರಗಳನ್ನು ಮುಗಿಸಬೇಕು. ಆಲಾಪನೆ ಶುರುವಾದರೆ ಕೈ ಕಟ್ಟಿ ಕೂರಬೇಕು. ಆ ಹೊತ್ತಿನಲ್ಲಿ ಒಂದು ಶಟರ್ ಸದ್ದು ಬಂದರೂ ಮುಂದಿನ ಸಾಲಿನ ರಸಿಕರು ತಿರುಗಿ ನೋಡುತ್ತಾರೆ, ನೋಡಬೇಕಾದದ್ದೇ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಶಟರ್ ಇದೆ. ಆದರೆ ಅದು ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಎಲ್‌ಇಡಿ ದೀಪ ನಮ್ಮ ಕಣ್ಣಿಗೆ ಕಾಣದಷ್ಟು ಬೇಗ ಮಿನುಗುತ್ತಿರುತ್ತದೆ. ಎರಡೂ ಸೇರಿ ಎಷ್ಟೋ ಸಭಾಂಗಣಗಳಲ್ಲಿ ಗಾಯಕರ ಮುಖದ ಮೇಲೆ ಕಪ್ಪು ಪಟ್ಟೆಗಳು ಬರುತ್ತವೆ. ಹಾಗಾಗಿ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದವರೆಗೆ ಕಾಯುವುದೇ ಒಳ್ಳೆಯದು. ಮೃದಂಗ, ಘಟಂ ಜೋರಾಗಿ ನಡೆಯುವಾಗ ಸಾಮಾನ್ಯ ಶಟರಿನ ಸದ್ದು ಯಾರಿಗೂ ಕೇಳುವುದಿಲ್ಲ. ಪಕ್ಕವಾದ್ಯದವರ ಒಳ್ಳೆ ಚಿತ್ರ ಸಿಗುವುದೂ ಆಗಲೇ. ತಮ್ಮ ಸರದಿ ಬಂದಾಗ ಅವರ ಮುಖದಲ್ಲಿ ಬರುವ ಗೆಲುವನ್ನು ನೋಡಬೇಕು ನೀವು.

ನಾನು ಈ ಕೆಲಸ ಕಲಿತದ್ದು ಯಾವ ಪಿಟ್‌ನಲ್ಲೂ ಅಲ್ಲ. ನಮ್ಮ ಮದುವೆ ಮನೆಗಳಲ್ಲಿ. ವಾಲಗದವರೂ ಊರೂರು ಸುತ್ತುವ ಕಲಾವಿದರೇ ಅಲ್ವಾ? ಮದುವೆ ಕಾಲದಲ್ಲಿ ಇಂದು ನಾಪೋಕ್ಲು, ನಾಳೆ ವಿರಾಜಪೇಟೆ, ನಾಡಿದ್ದು ಪೊನ್ನಂಪೇಟೆ. ಅಲ್ಲಿ ವೇದಿಕೆಯೂ ಇಲ್ಲ, ಬ್ಯಾರಿಕೇಡೂ ಇಲ್ಲ. ಕುಣಿಯುವವರ ನಡುವೆ ನುಗ್ಗಿ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಲೇ ತೆಗೆಯಬೇಕು. ಊದುವವರ ಕೆನ್ನೆ ಉಬ್ಬಿದಾಗ, ಡೋಲು ಬಾರಿಸುವವರು ಒಬ್ಬರನ್ನೊಬ್ಬರು ನೋಡಿ ಲಯ ಏರಿಸುವಾಗ ಹಿಡಿಯಬೇಕು. ಅಲ್ಲಿ ಯಾರೂ ನನಗೆ ಅಡ್ಡ ನಿಂತೆ ಎಂದು ಬೈದಿಲ್ಲ, ಏಕೆಂದರೆ ಅಲ್ಲಿ ನೋಡುವವರು ಬೇರೆ, ಕುಣಿಯುವವರು ಬೇರೆ ಇಲ್ಲ. ಟಿಕೆಟ್ ಕೊಂಡು ಅಥವಾ ಸಂಜೆಯಿಂದ ಕಾದು ಕೂತ ಜನರ ಮುಂದೆ ಅದೇ ಸಲುಗೆಯಿಂದ ನಡೆದುಕೊಳ್ಳಲು ಆಗುವುದಿಲ್ಲ.

ಕೊಡಗಿನಲ್ಲಿದ್ದುಕೊಂಡು ಈ ಕಸುಬು ಮಾಡುವುದು ಸುಲಭವಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ. ಬೆಂಗಳೂರಿನಲ್ಲಿ ಶೋ ಮುಗಿಸಿ, ಮೈಸೂರು ದಾಟಿ ಕುಶಾಲನಗರದ ಬಸ್ಸಿನಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಿತ್ರ ಆರಿಸುತ್ತೇನೆ. ಬ್ಯಾಂಡಿನವರಿಗೆ ಬೆಳಗ್ಗೆ ಏಳುವ ಹೊತ್ತಿಗೆ ಚಿತ್ರ ಬೇಕು, ಜನ ಆ ಶೋವನ್ನು ಮರೆಯುವ ಮುಂಚೆ. ಮನೆಗೆ ಬಂದರೆ ಕರೆಂಟ್ ಇರುವುದಿಲ್ಲ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ತೋಟದ ಮೇಲಿನ ರಸ್ತೆಗೆ ಹತ್ತಿ ಹೋಗಿ, ನೆಟ್‌ವರ್ಕ್ ಸಿಕ್ಕ ಕಡೆ ನಿಂತು ಕಳಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೋಗಳೂ ಕಡಿಮೆ, ಆಗ ದೊಡ್ಡ ಶತ್ರು ಬೂಷ್ಟು. ನಮ್ಮಲ್ಲಿ ಬೆಲ್ಟು, ಚಪ್ಪಲಿಗೆ ಹಿಡಿಯುವ ಅದೇ ಬೂಷ್ಟು ಲೆನ್ಸಿನ ಒಳಗಿನ ಗಾಜಿಗೂ ಹಿಡಿಯುತ್ತದೆ, ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ ಹರಡುತ್ತದೆ. ದೂರದ್ದನ್ನು ಹತ್ತಿರ ತರಲು ನಾನು ಬಳಸುವ 70-200 ಲೆನ್ಸ್ ಹೊಸದಾಗಿ ಕೊಂಡರೆ ಎರಡು ಲಕ್ಷದ ಆಸುಪಾಸು. ಅದಕ್ಕೇ ಗಾಳಿಯಾಡದ ಡಬ್ಬ, ತೇವ ಹೀರುವ ಸಿಲಿಕಾ ಜೆಲ್, ಒಳಗೊಂದು ತೇವ ತೋರಿಸುವ ಮೀಟರ್. ತೇವ ಶೇ 40ರಿಂದ 50ರ ನಡುವೆ ಇರಬೇಕು. ಮಡಿಕೇರಿಯ ಮಂಜಿನಲ್ಲಿ ಬೆಚ್ಚಗಿನ ಕಾರಿನಿಂದ ಕ್ಯಾಮೆರಾವನ್ನು ಹೊರಗೆ ತೆಗೆದು, ಅದು ಹೊರಗಿನ ಚಳಿಗೆ ಹೊಂದಿಕೊಳ್ಳಲು ಬಿಡಬೇಕು. ಕಾರ್ಯಕ್ರಮ ಶುರುವಾಗುವುದಕ್ಕೆ ತುಂಬ ಮುಂಚೆ ನಾವು ಬಂದು ಸುಮ್ಮನೆ ನಿಂತಂತೆ ಕಾಣುವುದು ಇಂಥ ಕಾರಣಗಳಿಗೂ ಹೌದು.

ನಮಗೆ ಕಟ್ಟುಪಾಡು ಹೊಸದಲ್ಲ. ದೊಡ್ಡ ಕಲಾವಿದರ ಶೋಗಳಲ್ಲಿ ಪಿಟ್‌ಗೆ ಬಿಡುವ ಮುಂಚೆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದುಂಟು. ಚಿತ್ರವನ್ನು ಒಂದೇ ಪತ್ರಿಕೆಯಲ್ಲಿ ಬಳಸಬೇಕು, ಬೇರೆ ಕಡೆ ಮಾರಬಾರದು, ಹೀಗೆ. ಅದನ್ನು ಓದಿಯೇ ಸಹಿ ಹಾಕಬೇಕೆಂದು ಹೊಸ ಹುಡುಗ ಹುಡುಗಿಯರಿಗೆ ಹೇಳುತ್ತಿರುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರಿಗೇ ಹೋಗುತ್ತದೆ. ಆದರೆ ಇದು ನಾನು ತೆಗೆದದ್ದು ಎಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ ಪ್ರಕಾರ ತೆಗೆದವರ ಹತ್ತಿರವೇ ಉಳಿಯುತ್ತದೆ.

ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲೇ ಎಲ್ಲರೂ ತೆಗೆಯುತ್ತಾರಲ್ಲ ಎಂದು ಕೇಳಬಹುದು. ಅಮೆರಿಕದ ಜಿಮ್ ಮಾರ್ಷಲ್ ಎಂಬ ಫೋಟೊಗ್ರಾಫರ್ 1969ರಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಹಾಡಲು ಬಂದ ಜಾನಿ ಕ್ಯಾಶ್ ಅವರ ಚಿತ್ರ ತೆಗೆದರು. ಆ ಗಾಯಕನನ್ನು ಒಮ್ಮೆಯೂ ಎದುರಿಗೆ ಕಾಣದ ಜನಕ್ಕೂ ಇವತ್ತಿಗೆ ಆ ಚಿತ್ರ ಗೊತ್ತು. ಮಾರ್ಷಲ್ ತೀರಿಹೋದ ಮೇಲೆ, 2014ರಲ್ಲಿ ಗ್ರ್ಯಾಮಿ ಪ್ರಶಸ್ತಿ ಕೊಡುವ ಸಂಸ್ಥೆಯೇ ಅವರನ್ನು ಗೌರವಿಸಿತು. ಕಲಾವಿದರ ಹತ್ತಿರ ಹೋಗಲು ಪೂರ್ತಿ ಅವಕಾಶ ಕೊಡದಿದ್ದರೆ ಮಾರ್ಷಲ್ ಕೆಲಸವನ್ನೇ ಒಪ್ಪುತ್ತಿರಲಿಲ್ಲ. ನಾನು ಅಷ್ಟು ಕೇಳುತ್ತಿಲ್ಲ. ಆದರೆ ನಮ್ಮ ಜಿಲ್ಲೆಯ ವೇದಿಕೆಗಳಲ್ಲಿ ಹಾಡಿಹೋದ ಹಿರಿಯರ ಒಂದು ಒಳ್ಳೆ ಚಿತ್ರಕ್ಕಾಗಿ ಅವರ ಮನೆಯವರು ಹುಡುಕಾಡುವುದನ್ನು ನೋಡಿದ್ದೇನೆ. ಸಿಗುವುದೆಲ್ಲ ಶಾಲು ಹೊದೆಸುವ ಚಿತ್ರಗಳು. ಹಾಡುವಾಗಿನದು ಒಂದೂ ಇಲ್ಲ.

ದಸರಾ ಸಮಿತಿಗಳು ಸಭೆ ಸೇರುವ ಸಮಯ ಇದು. ಮಡಿಕೇರಿ, ಗೋಣಿಕೊಪ್ಪ ಎರಡೂ ಕಡೆಯವರಿಗೆ ನನ್ನ ಕೋರಿಕೆ ಇಷ್ಟು. ವೇದಿಕೆಯ ಮುಂದೆ ನಾಲ್ಕು ಅಡಿ ಬಿಟ್ಟು ಬ್ಯಾರಿಕೇಡ್ ಹಾಕಿ. ಕೆಲಸಕ್ಕೆ ಬಂದ ಫೋಟೊಗ್ರಾಫರ್‌ಗಳಿಗೆ ಹೆಸರಿರುವ ಪಾಸ್ ಕೊಡಿ, ಉಳಿದವರು ಯಾರೇ ಆಗಲಿ, ಯಾರ ಕಡೆಯವರೇ ಆಗಲಿ, ಒಳಗೆ ಬೇಡ. ಮೂರು ಹಾಡು ಮುಗಿದ ಮೇಲೆ ನಮ್ಮನ್ನೂ ಹೊರಗೆ ಕಳಿಸಿ. ವಿಡಿಯೊದವರಿಗೆ ಮೈದಾನದ ಹಿಂದೆ ಒಂದು ಎತ್ತರದ ಅಟ್ಟ ಕಟ್ಟಿ, ಕ್ರೇನು ಪಕ್ಕದಲ್ಲಿರಲಿ. ಸನ್ಮಾನಗಳನ್ನು ಹಾಡು ಶುರುವಾಗುವ ಮುಂಚೆಯೇ ಮುಗಿಸಿ. 2000ದ ಶಬ್ದಮಾಲಿನ್ಯ ನಿಯಮದಂತೆ, ವಿಶೇಷ ಅನುಮತಿ ಇಲ್ಲದಿದ್ದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ಭಾಷಣ, ಸನ್ಮಾನ ನಡುನಡುವೆ ಬಂದರೆ ಹೊತ್ತು ಕಳೆದುಕೊಳ್ಳುವವರು ದೂರದಿಂದ ಬಂದ ಕಲಾವಿದರು. ಒಮ್ಮೆ ಒಂದು ಕಡೆ, ಮೂರನೇ ಹಾಡಿನ ಮಧ್ಯೆ ಮೈಕು ಕಿತ್ತುಕೊಂಡು ಗಣ್ಯರನ್ನು ಮೇಲೆ ಕರೆದರು. ಗಾಯಕಿ ಮುಕ್ಕಾಲು ಗಂಟೆ ಪಕ್ಕದಲ್ಲಿ ನಿಂತಿದ್ದರು. ಆ ಹೊತ್ತಿನಲ್ಲಿ ಅವರ ಚಿತ್ರ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಇದಕ್ಕೆ ಹಣ ಜಾಸ್ತಿ ಬೇಕಿಲ್ಲ. ನಾಲ್ಕು ಅಡಿ ಜಾಗ, ಕೆಲವು ಪಾಸ್, ಬ್ಯಾರಿಕೇಡಿನ ಎರಡು ತುದಿಗೆ ಇಬ್ಬರು ಸ್ವಯಂಸೇವಕರು. ಸಭೆಗೆ ಕರೆದರೆ ನಾನು ಬರುತ್ತೇನೆ. ಬೇರೆ ಊರುಗಳಲ್ಲಿ ಕೊಟ್ಟ ಪಾಸ್‌ಗಳನ್ನು ಇಟ್ಟುಕೊಂಡಿದ್ದೇನೆ, ಮಾದರಿಗೆ ತರುತ್ತೇನೆ. ಸೌಂಡ್ ಚೆಕ್ ನಡೆಯುವ ಮಧ್ಯಾಹ್ನವೇ ಒಬ್ಬರು ಮುಂದಿನ ಸಾಲಿನಲ್ಲಿ, ಒಬ್ಬರು ಹತ್ತನೇ ಸಾಲಿನಲ್ಲಿ ಕೂತು ನೋಡಿದರೆ ನಾವು ಎಲ್ಲಿಯವರೆಗೆ ಬರಬಹುದು ಎಂದು ತಿಳಿಯುತ್ತದೆ. ಅಲ್ಲಿಗೆ ಸುಣ್ಣದ ಗೆರೆ ಎಳೆಯಲಿ.

ಇಂತಿ,
ಸಂಗೀತ ಕಾರ್ಯಕ್ರಮಗಳ ಛಾಯಾಗ್ರಾಹಕಿ, ಸುಂಟಿಕೊಪ್ಪ